ಗಡಿ ದಾಟುವ ಬಾಣಂತನ

ತೆಲಂಗಾಣದ ಗಡಿಯಂಚಿನ ಕಂಗ್ಟಿಗೆ ಸೊಸೆಯಾಗಿ ಬಂದ ಹುಡುಗಿಯ ತವರು ಔರಾದಿನ ಕಡೆ ಇರಬಹುದು, ದೇಗಲೂರಿನ ಕಡೆ ಇರಬಹುದು, ನಾರಾಯಣಖೇಡದ ಪಕ್ಕದ ಹಳ್ಳಿಯೂ ಆಗಿರಬಹುದು. ಮೊದಲನೆಯದು ಕರ್ನಾಟಕ, ಎರಡನೆಯದು ಮಹಾರಾಷ್ಟ್ರ, ಮೂರನೆಯದು ತೆಲಂಗಾಣ. ಬೀಗತನ ಮಾಡುವಾಗ ಇಲ್ಲಿ ಯಾರೂ ನಕ್ಷೆ ಬಿಡಿಸಿ ನೋಡುವುದಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ಪದ್ಧತಿ ಮೂರೂ ಕಡೆ ಇದೆ. ಕುಬಸ ಮುಗಿದು, ಉಡಿ ತುಂಬಿಸಿಕೊಂಡು ಹುಡುಗಿ ತಾಯಿಯ ಮನೆಗೆ ಹೊರಡುತ್ತಾಳೆ. ಆದರೆ ಅವಳ ಜೊತೆ ಹೊರಡದೆ ಹಿಂದೆಯೇ ಉಳಿಯುವುದು ಬಹಳ. ತಿಂಗಳುಗಟ್ಟಲೆ ಅವಳ ಮನೆಗೆ ಬಂದು ವಿಚಾರಿಸಿದ ಆಶಾ ಕಾರ್ಯಕರ್ತೆ ಉಳಿಯುತ್ತಾಳೆ. ತೆಲುಗಿನಲ್ಲಿ ಬರೆದ ಕಾರ್ಡನ್ನು ಓದಬಲ್ಲ ನರ್ಸು ಉಳಿಯುತ್ತಾಳೆ. ಸರ್ಕಾರ ಕೊಡುವ ಸಹಾಯಧನದ ಕಂತು ಕೂಡ ಗಡಿಯ ಈಚೆಗೇ ನಿಂತುಬಿಡಬಹುದು.

ಹೆರಿಗೆಯ ಆರೈಕೆ ಹೇಗಿರಬೇಕು ಎಂಬ ಚರ್ಚೆ ಬಹುಕಾಲ ಒಂದೇ ಪ್ರಶ್ನೆಯ ಸುತ್ತ ನಡೆಯಿತು: ಮನೆಯಲ್ಲೋ, ಆಸ್ಪತ್ರೆಯಲ್ಲೋ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತೆಲಂಗಾಣದಲ್ಲೂ ಕರ್ನಾಟಕದಲ್ಲೂ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಆ ಪ್ರಶ್ನೆಗೆ ಜನರೇ ಉತ್ತರ ಕೊಟ್ಟಾಯಿತು. ಅದರ ಹಿಂದೆ ಅಡಗಿದ್ದ ಇನ್ನೊಂದು ಪ್ರಶ್ನೆ ಈಗ ಎದುರಿಗೆ ಬಂದಿದೆ. ಬಸುರಿನ ಮೊದಲ ತಿಂಗಳುಗಳಿಂದ ಬಾಣಂತನ ಮುಗಿಯುವವರೆಗೆ ಆ ಹೆಣ್ಣಿನ ಜೊತೆ ನಿಲ್ಲುವವರು ಯಾರು? ಅವಳ ಮಾತಿನಲ್ಲೇ ಮಾತನಾಡಿ, ಅವಳ ಸ್ಥಿತಿ ಬಲ್ಲವರು ಒಬ್ಬರಾದರೂ ಕೊನೆಯತನಕ ಇರುತ್ತಾರೆಯೇ? ಬೇರೆ ಬೇರೆ ವಿಚಾರಧಾರೆಗಳು ಇದಕ್ಕೆ ಕೊಟ್ಟ ಉತ್ತರಗಳನ್ನು ಕಂಗ್ಟಿ, ಜಹೀರಾಬಾದ್, ತಾಂಡೂರು ಸೀಮೆಯಲ್ಲಿ ನಿಂತು ನೋಡುವುದು ಈ ಲೇಖನದ ಕೆಲಸ.

ಒಂದು ಸೀಮೆ, ಹಲವು ಸರ್ಕಾರ

1956ರ ನವೆಂಬರ್ 1ರವರೆಗೆ ನಾರಾಯಣಖೇಡ ಮತ್ತು ಜಹೀರಾಬಾದ್ ಬೀದರ್ ಜಿಲ್ಲೆಯ ತಾಲ್ಲೂಕುಗಳು. ತಾಂಡೂರು, ಕೊಡಂಗಲ್ ಗುಲ್ಬರ್ಗಾ ಜಿಲ್ಲೆಯವು. ರಾಜ್ಯ ಪುನರ್‌ವಿಂಗಡಣೆಯಲ್ಲಿ ಬೀದರ್, ಗುಲ್ಬರ್ಗಾ ಮೈಸೂರು ರಾಜ್ಯಕ್ಕೆ ಬಂದಾಗ ಈ ತುಣುಕುಗಳು ಆಂಧ್ರಪ್ರದೇಶಕ್ಕೆ ಹೋದವು. 2014ರಲ್ಲಿ ತೆಲಂಗಾಣ, 2016ರಲ್ಲಿ ಹೊಸ ಜಿಲ್ಲೆಗಳು: ನಾರಾಯಣಖೇಡ, ಕಂಗ್ಟಿ, ಜಹೀರಾಬಾದ್ ಈಗ ಸಂಗಾರೆಡ್ಡಿಗೆ ಸೇರಿವೆ, ತಾಂಡೂರು ವಿಕಾರಾಬಾದಿಗೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಹತ್ತಿರದ ಊರಿನಲ್ಲಿ ಮರಾಠಿ, ತಾಂಡಾದಲ್ಲಿ ಲಂಬಾಣಿ, ಬೀದಿಯಲ್ಲಿ ದಖನಿ. ಇಷ್ಟು ಮಾತು ಕೂಡಿ ಬಾಳುವ ಸೀಮೆಯಲ್ಲಿ ಸರ್ಕಾರಿ ಕಾಗದ ಮಾತ್ರ ಒಂದೇ ಭಾಷೆಯಲ್ಲಿ ಬರುತ್ತದೆ.

ಇಲ್ಲಿಯ ಹೆರಿಗೆಯ ದಾರಿಗಳೂ ಹೀಗೆಯೇ ಕವಲೊಡೆದಿವೆ. ತೆಲಂಗಾಣದ ಲೆಕ್ಕದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ನಾರಾಯಣಖೇಡದ ಏರಿಯಾ ಆಸ್ಪತ್ರೆ, ಅಲ್ಲಿಂದ ಸಂಗಾರೆಡ್ಡಿ, ಕೈಮೀರಿದರೆ ಹೈದರಾಬಾದು. ಊರವರ ಲೆಕ್ಕದಲ್ಲಿ ಬೀದರ್ ಕೂಡ ಅಷ್ಟೇ ಹತ್ತಿರದ್ದು. ಮೊದಲು ಬೀದರಿನ ಮೆಥಡಿಸ್ಟ್ ಮಿಷನ್ ಆಸ್ಪತ್ರೆಗೆ ಹೋಗುತ್ತಿದ್ದ ಕಡೆಯವರಿಗೆ ಈಗ ಅಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ತಾಂಡೂರಿನವರಿಗೆ ಸೇಡಂ, ಕಲಬುರ್ಗಿ ಹಳೆಯ ನಂಟು.

ಸೂಲಗಿತ್ತಿಯ ಕಾಲ

ನೂರು ವರ್ಷದ ಹಿಂದೆ ಈ ಸೀಮೆಯ ಹೆಚ್ಚಿನ ಹೆರಿಗೆಗಳನ್ನು ಮಾಡಿಸುತ್ತಿದ್ದವಳು ಸೂಲಗಿತ್ತಿ. ತೆಲುಗಿನವರಿಗೆ ಅವಳು ಮಂತ್ರಸಾನಿ, ದಖನಿಯವರಿಗೆ ದಾಯಿ. ಹೆಚ್ಚಾಗಿ ಕೆಳಜಾತಿಯ ಹೆಂಗಸು. ರಕ್ತ, ಮಾಸು ಮೈಲಿಗೆ ಎಂದು ಆ ಕೆಲಸವನ್ನು ಅವಳಿಗೆ ಬಿಟ್ಟಿದ್ದರು. ಕೆಲಸ ಮುಗಿದ ಮೇಲೆ ಕಾಳು, ಸೀರೆ, ಒಂದಿಷ್ಟು ದುಡ್ಡು. ಅವಳ ಕೈಯಲ್ಲಿದ್ದ ವಿದ್ಯೆ ಸಣ್ಣದಲ್ಲ. ಮಗು ಹೇಗೆ ತಿರುಗಿದೆ ಎಂದು ಹೊಟ್ಟೆ ಮುಟ್ಟಿ ಹೇಳುತ್ತಿದ್ದಳು, ನೋವು ಬಂದಾಗ ನಡೆದಾಡಿಸುತ್ತಿದ್ದಳು, ಕುಕ್ಕರಗಾಲಲ್ಲಿ ಕೂರಿಸುತ್ತಿದ್ದಳು, ಬೆನ್ನು ನೀವುತ್ತಿದ್ದಳು. ಹೆರಿಗೆ ಆದಮೇಲೂ ಬಂದು ತಾಯಿ ಮಗುವಿಗೆ ನೀರೆರೆಯುತ್ತಿದ್ದಳು.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಈ ಪರಂಪರೆಯ ದೊಡ್ಡ ಹೆಸರು. ಅದೂ ಕನ್ನಡ-ತೆಲುಗು ಗಡಿಯೇ. ಅಜ್ಜಿಯಿಂದ ಕಲಿತ ಅವರು ಸಾವಿರಾರು ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿದರು. 15,000ಕ್ಕೂ ಹೆಚ್ಚು ಎಂದು ಅವರನ್ನು ಗೌರವಿಸಿದವರು ಲೆಕ್ಕ ಹೇಳಿದರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು.

ನರಸಮ್ಮನವರನ್ನು ನೆನೆದು ಆ ಕಾಲವೇ ಚೆನ್ನಾಗಿತ್ತು ಎನ್ನುವವರ ಮಾತಿಗೆ ನಾನು ಒಪ್ಪಲಾರೆ. 1946ರ ಭೋರ್ ಸಮಿತಿಯ ಅಂದಾಜು, ಸಾವಿರ ಹೆರಿಗೆಗೆ ಇಪ್ಪತ್ತು ತಾಯಂದಿರ ಸಾವು. ಅಂದರೆ ಲಕ್ಷಕ್ಕೆ 2,000. ಕೈ ಎಷ್ಟೇ ನುರಿತಿದ್ದರೂ ರಕ್ತಸ್ರಾವ ನಿಲ್ಲಿಸುವ ಇಂಜೆಕ್ಷನ್ ಇರಲಿಲ್ಲ, ಫಿಟ್ಸ್ ಬಂದವಳಿಗೆ ಮದ್ದಿರಲಿಲ್ಲ, ಅಡ್ಡ ನಿಂತ ಮಗುವಿಗೆ ದಾರಿ ಇರಲಿಲ್ಲ. ಹೆರಿಗೆಯೆಂದರೆ ಹೆಣ್ಣಿಗೆ ಮರುಜನ್ಮ ಎನ್ನುವ ಮಾತು ಹುಟ್ಟಿದ್ದು ಅಂಥ ಸಾವುಗಳನ್ನು ಕಂಡ ಮನೆಗಳಲ್ಲಿ.

ಸ್ವಾತಂತ್ರ್ಯದ ನಂತರ ಸರ್ಕಾರ ಸೂಲಗಿತ್ತಿಯರಿಗೇ ತರಬೇತಿ ಕೊಡಲು ಹೊರಟಿತು. 1977ರ ನಂತರ ಆ ಕೆಲಸ ದೇಶದ ಉದ್ದಗಲಕ್ಕೆ ನಡೆಯಿತು: ಶುಚಿಯಾದ ಕೈ, ಶುಚಿಯಾದ ಬ್ಲೇಡು, ಶುಚಿಯಾದ ದಾರ. ಮಕ್ಕಳ ಧನುರ್ವಾಯು ಕಡಿಮೆ ಮಾಡಲು ತಾಯಂದಿರಿಗೆ ಕೊಟ್ಟ ಚುಚ್ಚುಮದ್ದಿನ ಜೊತೆ ಈ ಶುಚಿಯೂ ನೆರವಾಯಿತು. ತಾಯಂದಿರ ಸಾವು ಮಾತ್ರ ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ಗಂಡಾಂತರ ಗುರುತಿಸಿದ ದಾಯಿ ಕಳಿಸಬೇಕಾದದ್ದು ಎಲ್ಲಿಗೆ? ಆಸ್ಪತ್ರೆಯೂ ಇರಲಿಲ್ಲ, ಗಾಡಿಯೂ ಇರಲಿಲ್ಲ. 1990ರ ದಶಕದ ಕೊನೆಗೆ ಜಗತ್ತಿನ ಆರೋಗ್ಯ ನೀತಿ ತಿರುಗಿ, ತರಬೇತಾದ ನರ್ಸು ಅಥವಾ ವೈದ್ಯರೇ ಹೆರಿಗೆ ಮಾಡಿಸಬೇಕೆಂಬ ನಿಲುವಿಗೆ ಬಂತು. ಸೂಲಗಿತ್ತಿಯನ್ನು ಆ ನೀತಿ ಪಕ್ಕಕ್ಕೆ ಸರಿಸಿತು. ಹೆರಿಗೆಯ ಕೆಲಸಕ್ಕೆ ಬದಲಿ ಬಂದರು. ಅವಳು ಮಾಡುತ್ತಿದ್ದ ಉಳಿದ ಕೆಲಸಕ್ಕೆ, ಅಂದರೆ ಪಕ್ಕದಲ್ಲಿ ಕೂತು ಧೈರ್ಯ ಹೇಳುವುದಕ್ಕೆ, ಯಾರೂ ಬರಲಿಲ್ಲ.

ಆಸ್ಪತ್ರೆಯೇ ಉತ್ತರ ಎಂದವರು

ಈ ವಿಚಾರಧಾರೆಯ ಬೆನ್ನೆಲುಬು 1994ರಲ್ಲಿ ಸೆರೀನ್ ಥಾಡಿಯಸ್ ಮತ್ತು ಡೆಬೊರಾ ಮೇನ್ ಬರೆದ ಪ್ರಬಂಧ. ತಾಯಂದಿರ ಸಾವಿಗೆ ಮೂರು ವಿಳಂಬಗಳು ಕಾರಣ ಎಂದು ಅವರು ಹೇಳಿದರು: ಆಸ್ಪತ್ರೆಗೆ ಹೋಗೋಣ ಎಂದು ನಿರ್ಧರಿಸುವಲ್ಲಿ, ಆಸ್ಪತ್ರೆ ತಲುಪುವಲ್ಲಿ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿ. ಹೆರಿಗೆಯ ನಂತರ ಜೋರಾಗಿ ರಕ್ತ ಹೋಗತೊಡಗಿದರೆ ಎರಡು ತಾಸಿನೊಳಗೆ ಜೀವ ಹೋಗಬಹುದು. ಯಾವ ಬಸುರಿಗೆ ಹಾಗಾಗುತ್ತದೆಂದು ಮೊದಲೇ ಖಚಿತವಾಗಿ ಹೇಳಲಾಗದು. ಹಾಗಾಗಿ ಎಲ್ಲರೂ ಆಸ್ಪತ್ರೆಗೇ ಬರಲಿ ಎಂಬುದು ಇವರ ವಾದ.

2005ರ ಏಪ್ರಿಲಿನಲ್ಲಿ ಜನನಿ ಸುರಕ್ಷಾ ಯೋಜನೆ ಬಂತು. ಆಸ್ಪತ್ರೆಗೆ ಬಂದವರಿಗೆ ದುಡ್ಡು, ಕರೆತಂದ ಆಶಾಗೂ ದುಡ್ಡು. ಅದೇ ವರ್ಷದ ಆಗಸ್ಟ್ 15ರಂದು ಹೈದರಾಬಾದಿನಲ್ಲಿ 108 ಆಂಬುಲೆನ್ಸ್ ಸೇವೆ ಶುರುವಾಯಿತು. ಕರ್ನಾಟಕಕ್ಕೆ 2008ರಲ್ಲಿ ಬಂತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಆಪರೇಷನ್, ಔಷಧ, ರಕ್ತ, ಊಟ, ಮನೆಗೆ ಬಿಡುವ ಗಾಡಿ ಎಲ್ಲವನ್ನೂ ಉಚಿತ ಮಾಡಿತು. ಕರ್ನಾಟಕ ಉತ್ತರದ ಹಿಂದುಳಿದ ಜಿಲ್ಲೆಗಳಲ್ಲಿ ತಾಯಿ ಭಾಗ್ಯ ಯೋಜನೆ ತಂದು, ಬಡವರ 100 ಹೆರಿಗೆಗೆ 3 ಲಕ್ಷ ರೂಪಾಯಿಯಂತೆ ಖಾಸಗಿ ಆಸ್ಪತ್ರೆಗಳ ಜೊತೆ ಒಪ್ಪಂದ ಮಾಡಿಕೊಂಡಿತು. ತೆಲಂಗಾಣ 2017ರ ಜೂನಿನಲ್ಲಿ ಕೆಸಿಆರ್ ಕಿಟ್ ಆರಂಭಿಸಿತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತವಳಿಗೆ ಗಂಡುಮಗುವಾದರೆ 12,000, ಹೆಣ್ಣಾದರೆ 13,000 ರೂಪಾಯಿ, ಕಂತುಗಳಲ್ಲಿ. ಜೊತೆಗೆ ಮಗುವಿನ ಬಟ್ಟೆ, ಸೊಳ್ಳೆಪರದೆ, ಸಾಬೂನು. ಬಸುರಿಯನ್ನು ತಪಾಸಣೆಗೆ ಕರೆದೊಯ್ಯುವ 102 ಅಮ್ಮ ಒಡಿ ವಾಹನವೂ ಬಂತು.

ಫಲ ಸಿಗಲಿಲ್ಲವೆಂದು ಯಾರೂ ಹೇಳಲಾರರು. 2004–06ರಲ್ಲಿ ದೇಶದ ತಾಯಂದಿರ ಮರಣ ಪ್ರಮಾಣ ಲಕ್ಷ ಜನನಕ್ಕೆ 254 ಇತ್ತು. 2018–20ರಲ್ಲಿ 97ಕ್ಕೆ ಇಳಿಯಿತು. ಅದೇ ಅವಧಿಗೆ ಕರ್ನಾಟಕದ್ದು 213ರಿಂದ 69ಕ್ಕೆ. ತೆಲಂಗಾಣ 43ಕ್ಕೆ ಬಂದು ನಿಂತಿತು. ಈ ಇಳಿತದಲ್ಲಿ ದುಡ್ಡಿನ ಪಾಲೆಷ್ಟು, ರಸ್ತೆಯ ಪಾಲೆಷ್ಟು, ಹೆಣ್ಣುಮಕ್ಕಳ ಓದಿನ ಪಾಲೆಷ್ಟು ಎಂಬ ಜಗಳ ಸಂಶೋಧಕರಲ್ಲಿ ಇನ್ನೂ ಇದೆ. ಜನನಿ ಸುರಕ್ಷಾ ಯೋಜನೆ ಜನರನ್ನು ಆಸ್ಪತ್ರೆಗೆ ತಂದಿತೆಂಬುದರಲ್ಲಿ ಎಲ್ಲರಿಗೂ ಒಮ್ಮತ, ಅದರಿಂದಲೇ ಸಾವು ಇಳಿಯಿತೆಂಬುದರಲ್ಲಿ ಇಲ್ಲ.

ಮೂರನೆಯ ವಿಳಂಬ, ಅಂದರೆ ಬಾಗಿಲು ದಾಟಿದ ಮೇಲಿನ ವಿಳಂಬ, ಈಗ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತಿದೆ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ರಕ್ತನಾಳಕ್ಕೆ ಏರಿಸಿದ ದ್ರಾವಣದ ಮೇಲೆ ಸಂಶಯ ಬಂತು. ಆಮೇಲೆ ಕರ್ನಾಟಕ ಸರ್ಕಾರ 2024ರ ಏಪ್ರಿಲಿನಿಂದ ಡಿಸೆಂಬರಿನವರೆಗಿನ 464 ತಾಯಂದಿರ ಸಾವುಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಶೇ. 70ಕ್ಕೂ ಹೆಚ್ಚು ಸಾವುಗಳನ್ನು ತಡೆಯಬಹುದಿತ್ತು ಎಂದು ವರದಿ ಹೇಳಿತು. ಆ ಹೆಣ್ಣುಮಕ್ಕಳ ಮನೆಯವರು ಸರ್ಕಾರದ ಮಾತನ್ನು ನಂಬಿ ಆಸ್ಪತ್ರೆಗೆ ಕರೆತಂದವರು. ಕರೆದವರ ಹೊಣೆ ಅಲ್ಲಿಗೆ ಇಮ್ಮಡಿಯಾಗುತ್ತದೆ.

ನೂರಕ್ಕೆ ಅರುವತ್ತು

ಗಡಿಯ ಎರಡು ಬದಿಯ ಅಂಕಿಗಳಲ್ಲಿ ಕಣ್ಣಿಗೆ ಹೊಡೆಯುವ ವ್ಯತ್ಯಾಸ ಒಂದಿದೆ. 2019–21ರ ಸಮೀಕ್ಷೆಯಂತೆ ತೆಲಂಗಾಣದಲ್ಲಿ ಶೇ. 60.7 ಹೆರಿಗೆಗಳು ಆಪರೇಷನ್ ಮೂಲಕ ಆದವು. ಖಾಸಗಿ ಆಸ್ಪತ್ರೆಗಳಲ್ಲಿ ಶೇ. 81.5, ಸರ್ಕಾರಿಯಲ್ಲಿ ಶೇ. 44.5. ಕರ್ನಾಟಕದ ಒಟ್ಟು ಪ್ರಮಾಣ ಶೇ. 31.5, ದೇಶದ್ದು ಶೇ. 21.5. ಬೀದರಿನಲ್ಲಿ ಹೆರುವ ಹೆಣ್ಣಿನ ದೇಹ ನಾರಾಯಣಖೇಡದಲ್ಲಿ ಹೆರುವವಳ ದೇಹಕ್ಕಿಂತ ಬೇರೆಯಲ್ಲ.

ಆಪರೇಷನ್ ಹೆಚ್ಚಿದ್ದರಿಂದಲೇ ತೆಲಂಗಾಣದಲ್ಲಿ ಸಾವು ಕಡಿಮೆ ಎನ್ನುವವರಿದ್ದಾರೆ. ಕಂಗ್ಟಿಯ ಇನ್ನೊಂದು ಬದಿಯ ಮಹಾರಾಷ್ಟ್ರವನ್ನು ನೋಡಿದರೆ ಈ ವಾದ ನಿಲ್ಲುವುದಿಲ್ಲ. ಅದೇ ಸಮೀಕ್ಷೆಯಲ್ಲಿ ಅಲ್ಲಿಯ ಸಿಸೇರಿಯನ್ ಶೇ. 25.4, 2018–20ರ ತಾಯಂದಿರ ಮರಣ ಪ್ರಮಾಣ 33. ಸಿಸೇರಿಯನ್ ಪ್ರಮಾಣ ಶೇ. 10ರಿಂದ 15ಕ್ಕಿಂತ ಹೆಚ್ಚಿರಲು ಯಾವ ಪ್ರದೇಶಕ್ಕೂ ಕಾರಣವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಕರೆದ ಸಭೆ 1985ರಲ್ಲಿ ಹೇಳಿತ್ತು. 2015ರಲ್ಲಿ ಸಂಸ್ಥೆ ತನ್ನ ಮಾತನ್ನು ತಿದ್ದಿತು: ಶೇ. 10ರವರೆಗೆ ಏರುವಾಗ ಸಾವು ಇಳಿಯುತ್ತದೆ, ಅದರಾಚೆ ಇಳಿಯುವ ಪುರಾವೆ ಇಲ್ಲ. ಆದರೆ ಒಂದು ಅಂಕಿಯ ಬೆನ್ನು ಹತ್ತುವ ಬದಲು ಅಗತ್ಯವಿರುವ ಪ್ರತಿ ಹೆಣ್ಣಿಗೂ ಆಪರೇಷನ್ ಸಿಗುವುದು ಮುಖ್ಯ.

ಏಕೆ ಇಷ್ಟು? ವೈದ್ಯರು ದುಡ್ಡಿಗಾಗಿ ಕೊಯ್ಯುತ್ತಾರೆ ಎಂಬ ಉತ್ತರ ಎಲ್ಲರ ಬಾಯಲ್ಲಿದೆ. ಅದು ಅರ್ಧ ಸತ್ಯ. ಸರ್ಕಾರಿ ಆಸ್ಪತ್ರೆಯ ಶೇ. 44.5ನ್ನು ಅದು ವಿವರಿಸುವುದಿಲ್ಲ. ಹತ್ತಾರು ತಾಸು ಹಿಡಿಯುವ ಸಹಜ ಹೆರಿಗೆಗೆ ಕಾವಲು ಕೂರುವವರು ವಾರ್ಡಿನಲ್ಲಿ ಇಲ್ಲ. ರಾತ್ರಿ ಅರಿವಳಿಕೆ ತಜ್ಞರು ಸಿಗಲಿಕ್ಕಿಲ್ಲವೆಂದು ಹಗಲೇ ನಿರ್ಧಾರವಾಗುತ್ತದೆ. ಏನಾದರೂ ಆದರೆ ಜನ ಆಸ್ಪತ್ರೆಗೆ ಕಲ್ಲು ಹೊಡೆಯುವ ಭಯ ವೈದ್ಯರಿಗಿದೆ. ಮನೆಯವರ ಒತ್ತಾಯವೂ ಕಡಿಮೆಯಲ್ಲ: ಮುಹೂರ್ತ ನೋಡಿ ಬರುವವರು ತೆಲಂಗಾಣದಲ್ಲಿ ಬಹಳ, ಸಂತಾನಹರಣ ಚಿಕಿತ್ಸೆಯನ್ನೂ ಒಟ್ಟಿಗೆ ಮುಗಿಸಿಬಿಡಿ ಎನ್ನುವವರೂ ಇದ್ದಾರೆ. ಮೊದಲನೆಯದು ಆಪರೇಷನ್ ಆದರೆ ಎರಡನೆಯದೂ ಬಹುಪಾಲು ಅದೇ. ಹುಡುಗಿಯೂ ಕೇಳುತ್ತಾಳೆ, ನೋವು ತಡೆಯಲಾರೆ, ತೆಗೆದುಬಿಡಿ ಎಂದು. ನೋವಿನಲ್ಲಿ ಒಂಟಿಯಾಗಿ ಮಲಗಿಸಿ, ಬೈದು, ಕೂಗಬೇಡ ಎನ್ನುವ ಕೋಣೆಯಲ್ಲಿ ಆ ಕೋರಿಕೆಯನ್ನು ತಪ್ಪೆನ್ನುವ ಧೈರ್ಯ ನನಗಿಲ್ಲ.

ಗಾಯ ಮಾಗಿದರೆ ಮುಗಿಯಿತೆಂದು ಎಣಿಸುವಂತಿಲ್ಲ. ಮುಂದಿನ ಬಸುರಿನಲ್ಲಿ ಮಾಸು ಹಳೆಯ ಗಾಯಕ್ಕೆ ಅಂಟಿಕೊಂಡರೆ ಜೀವಕ್ಕೇ ಅಪಾಯ. ನಾರಾಯಣಖೇಡ, ಕಂಗ್ಟಿಯ ತಾಂಡಾಗಳಿಂದ ಕಬ್ಬು ಕಡಿಯಲು ವಲಸೆ ಹೋಗುವ ಹೆಣ್ಣಿಗೆ ತಿಂಗಳುಗಟ್ಟಲೆ ಭಾರ ಎತ್ತಬೇಡ ಎಂಬ ಸಲಹೆ ಪಾಲಿಸುವುದು ಹೇಗೆ?

ಜೊತೆಗೆ ನಿಲ್ಲುವವರು

ಮೂರನೆಯ ಧಾರೆ ಇಲ್ಲಿಂದಲೇ ಹೊರಡುತ್ತದೆ. ಸಹಜ ಹೆರಿಗೆ ರೋಗವಲ್ಲ, ಅದಕ್ಕೆ ಬೇಕಾದದ್ದು ತರಬೇತಾದ, ತಾಳ್ಮೆಯ ಒಬ್ಬ ಸಂಗಾತಿ. ವೈದ್ಯರು ತೊಡಕಿಗಾಗಿ ಕಾದಿರಲಿ ಎನ್ನುವವರು ಇವರು. ಶ್ರೀಲಂಕಾ ಇವರ ಅಚ್ಚುಮೆಚ್ಚಿನ ಉದಾಹರಣೆ. ಹಳ್ಳಿಹಳ್ಳಿಗೆ ಸರ್ಕಾರಿ ಸೂಲಗಿತ್ತಿಯರನ್ನು ನೇಮಿಸಿ, ಬಸುರಿಯ ಮನೆಯಿಂದ ಆಸ್ಪತ್ರೆಯವರೆಗೆ ಒಂದೇ ಎಳೆ ಹಿಡಿದ ಆ ದೇಶ, 1935ರಿಂದ ಪ್ರತಿ 6ರಿಂದ 12 ವರ್ಷಕ್ಕೊಮ್ಮೆ ತಾಯಂದಿರ ಸಾವನ್ನು ಅರ್ಧಕ್ಕರ್ಧ ಇಳಿಸುತ್ತ ಬಂತು. ಸಿರಿವಂತಿಕೆ ಬರುವ ಮೊದಲೇ ಇದು ಆಯಿತು.

ತೆಲಂಗಾಣದ್ದೇ ಆದ ಪ್ರಯೋಗವೂ ಇದೆ, ಅದು ನಮಗೆ ಹತ್ತಿರದ್ದು. ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆ 1948ರಲ್ಲಿ ಆರಂಭವಾದದ್ದು. ಅಲ್ಲಿಯ ಡಾ. ಎವಿಟಾ ಫರ್ನಾಂಡಿಸ್ 2011ರಿಂದ ಸೂಲಗಿತ್ತಿ-ನರ್ಸುಗಳನ್ನು ತರಬೇತುಗೊಳಿಸತೊಡಗಿದರು. 2017ರಲ್ಲಿ ರಾಜ್ಯ ಸರ್ಕಾರ, ಯುನಿಸೆಫ್ ಜೊತೆ ಸೇರಿ 30 ಸರ್ಕಾರಿ ನರ್ಸುಗಳ ಮೊದಲ ತಂಡಕ್ಕೆ 18 ತಿಂಗಳ ತರಬೇತಿ ನಡೆಯಿತು. ಅದಕ್ಕೆ ಆಯ್ದುಕೊಂಡ ಊರು ಕರೀಂನಗರ, ಸಿಸೇರಿಯನ್ ಅತಿ ಹೆಚ್ಚಿರುವ ಜಿಲ್ಲೆಗಳಲ್ಲಿ ಒಂದು. ಮರುವರ್ಷ, 2018ರ ಡಿಸೆಂಬರಿನಲ್ಲಿ, ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಮಿಡ್‌ವೈಫರಿ ಸೇವೆಯ ಮಾರ್ಗಸೂಚಿ ಹೊರಡಿಸಿತು. ಹೀಗೆ ತರಬೇತಾದವರು ಬಸುರಿಯನ್ನು ನಡೆದಾಡಿಸುತ್ತಾರೆ, ದೊಡ್ಡ ಚೆಂಡಿನ ಮೇಲೆ ಕೂರಿಸುತ್ತಾರೆ, ಬೇಕೆಂದ ಭಂಗಿಯಲ್ಲಿ ಹೆರಲು ಬಿಡುತ್ತಾರೆ. ಹಳೆಯ ಸೂಲಗಿತ್ತಿ ಮಾಡುತ್ತಿದ್ದದ್ದರಲ್ಲಿ ಒಳ್ಳೆಯದೆಲ್ಲ ಶಾಸ್ತ್ರದ ಬಲ ಪಡೆದು ಹಿಂದಿರುಗಿದೆ.

ತರಬೇತಿ ಬೇಡದ, ಖರ್ಚೂ ಇಲ್ಲದ ಇನ್ನೊಂದು ನೆರವಿದೆ: ನೋವಿನ ಹೊತ್ತಿಗೆ ಅವಳು ಬಯಸಿದ ಒಬ್ಬರು ಪಕ್ಕದಲ್ಲಿರುವುದು. 17 ದೇಶಗಳ 26 ಪ್ರಯೋಗಗಳನ್ನು, 15,000ಕ್ಕೂ ಹೆಚ್ಚು ಹೆಣ್ಣುಮಕ್ಕಳ ಅನುಭವವನ್ನು ಒಟ್ಟುಮಾಡಿದ 2017ರ ಕಾಕ್ರೇನ್ ಪರಿಶೀಲನೆ, ಹೆರಿಗೆಯುದ್ದಕ್ಕೂ ಜೊತೆಗಾರರಿದ್ದರೆ ಸಹಜ ಹೆರಿಗೆ ಹೆಚ್ಚುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ, ನೋವಿನ ಅವಧಿಯೂ ತುಸು ತಗ್ಗುತ್ತದೆ ಎಂದು ಕಂಡುಕೊಂಡಿತು. ಭಾರತ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಜೊತೆಗಾರ್ತಿಗೆ ಅನುಮತಿ ಕೊಟ್ಟಿತು. 2017ರ ಲಕ್ಷ್ಯ ಕಾರ್ಯಕ್ರಮ ಅದನ್ನು ಹೆರಿಗೆ ಕೋಣೆಯ ಗುಣಮಟ್ಟದ ಭಾಗವಾಗಿಸಿತು. ಆದರೂ ತಾಯಿ, ಅತ್ತೆ ಹೊರಗಿನ ಬೆಂಚಿನ ಮೇಲೆ ಕೂತಿರುವುದೇ ಬಹಳ ಕಡೆ ರೂಢಿ. ಒಂದೇ ಕೋಣೆಯಲ್ಲಿ ಮೂರ್ನಾಲ್ಕು ಮಂಚ, ನಡುವೆ ಪರದೆ ಇಲ್ಲ ಎಂಬುದು ನರ್ಸುಗಳು ಕೊಡುವ ಕಾರಣ. ಪರದೆ ಕಟ್ಟಿಸಲು ಎಷ್ಟು ಖರ್ಚಾದೀತು?

ಗಡಿಸೀಮೆಗೆ ಈ ಮಾತು ಎರಡು ಪಟ್ಟು ಅನ್ವಯಿಸುತ್ತದೆ. ಕನ್ನಡವಷ್ಟೇ ಬಲ್ಲ, ಅಥವಾ ಲಂಬಾಣಿಯಷ್ಟೇ ಬಲ್ಲ ಹುಡುಗಿಗೆ "ಈಗ ಮುಕ್ಕು, ಈಗ ಬೇಡ" ಎಂದು ತೆಲುಗಿನಲ್ಲಿ ಕೂಗಿದರೆ ಬ್ಯಾನಿಯ ನಡುವೆ ಅವಳಿಗೆ ತಿಳಿಯುವುದು ಸಿಟ್ಟು ಮಾತ್ರ. ಪಕ್ಕದಲ್ಲಿ ನಿಂತ ಅವ್ವ ಅಥವಾ ಅಕ್ಕ ದುಭಾಷಿಯೂ ಆಗುತ್ತಾಳೆ.

ಆಸ್ಪತ್ರೆಗೆ ಬರುವ ಮೊದಲು

ಇನ್ನೊಂದು ಗುಂಪಿನವರು ಹೇಳುತ್ತಾರೆ: ನೀವು ಒಂಬತ್ತನೆಯ ತಿಂಗಳಿನ ಬಗ್ಗೆ ಜಗಳವಾಡುತ್ತಿದ್ದೀರಿ, ಹೆಣ್ಣು ಸೋಲುವುದು ಅದಕ್ಕಿಂತ ಬಹಳ ಮೊದಲು. 2019–21ರ ಸಮೀಕ್ಷೆಯಂತೆ ತೆಲಂಗಾಣದ ಬಸುರಿಯರಲ್ಲಿ ಶೇ. 53.2 ಮಂದಿಗೆ ರಕ್ತಹೀನತೆ, ಕರ್ನಾಟಕದಲ್ಲಿ ಶೇ. 45.7. 20–24 ವಯಸ್ಸಿನವರಲ್ಲಿ 18 ತುಂಬುವ ಮೊದಲೇ ಮದುವೆಯಾದವರು ತೆಲಂಗಾಣದಲ್ಲಿ ಶೇ. 23.5, ಕರ್ನಾಟಕದಲ್ಲಿ ಶೇ. 21.3. ಮೈಯಲ್ಲಿ ರಕ್ತವೇ ಇಲ್ಲದವಳಿಗೆ ಅರ್ಧ ಲೀಟರ್ ಹೋದರೂ ಹೆಚ್ಚು. ಗಟ್ಟಿಮುಟ್ಟಾದವಳು ತಡೆದುಕೊಳ್ಳುವುದನ್ನು ಇವಳು ತಡೆಯಲಾರಳು.

ಈ ಧಾರೆಗೆ ನಮ್ಮ ನೆರೆಯಲ್ಲೇ ಗಟ್ಟಿ ಬೇರುಗಳಿವೆ. ಮಹಾರಾಷ್ಟ್ರದ ಜಾಮ್‌ಖೇಡದಲ್ಲಿ 1970ರಿಂದ ರಜನೀಕಾಂತ್ ಮತ್ತು ಮೇಬಲ್ ಅರೋಳೆ ದಂಪತಿ ಓದುಬರಹ ಬಾರದ ಹೆಂಗಸರನ್ನೇ ಊರ ಆರೋಗ್ಯದ ಕೆಲಸಕ್ಕೆ ತಯಾರು ಮಾಡಿದರು. ಗಡಚಿರೋಲಿಯಲ್ಲಿ ಅಭಯ್ ಮತ್ತು ರಾಣಿ ಬಂಗ್ ಎಳೆಗೂಸುಗಳನ್ನು ಮನೆಯಲ್ಲೇ ಉಳಿಸುವ ದಾರಿ ತೋರಿದರು. ಆಶಾ ಕಾರ್ಯಕರ್ತೆ ಇಂದು ಮಾಡುವ ಮನೆಭೇಟಿಗೆ ಅದೇ ಮೂಲ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಹೆರಿಗೆಯಾದ 1,620 ಹೆಂಗಸರ ಮೇಲೆ ನಡೆದ ಪ್ರಯೋಗ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಿರಿಯ ಆರೋಗ್ಯ ಸಹಾಯಕಿಯರು ಕೊಟ್ಟ ಮಿಸೊಪ್ರೊಸ್ಟಾಲ್ ಗುಳಿಗೆ ಹೆರಿಗೆ ನಂತರದ ಅತಿ ರಕ್ತಸ್ರಾವವನ್ನು ಶೇ. 12ರಿಂದ ಶೇ. 6.4ಕ್ಕೆ ಇಳಿಸಿತ್ತು. ಫ್ರಿಜ್ ಬೇಡ, ಸೂಜಿ ಬೇಡ. ಜಗತ್ತಿನ ನೀತಿಯನ್ನೇ ಬದಲಿಸಿದ ಈ ಪುರಾವೆ ಕನ್ನಡದ ಹಳ್ಳಿಗಳಿಂದ ಹೋಯಿತೆಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಊಟದ ವಿಷಯದಲ್ಲಿ ಜಹೀರಾಬಾದ್ ಬಳಿಯ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಹೇಳದೆ ಮುಂದೆ ಹೋಗಲಾಗದು. ಮೈಸೂರು ಮೂಲದ ಪಿ.ವಿ. ಸತೀಶ್ ಅದರ ಸ್ಥಾಪಕರಲ್ಲೊಬ್ಬರು. ಅಲ್ಲಿಯ ದಲಿತ ಹೆಂಗಸರ ಸಂಘಗಳು ಬೀಳುಭೂಮಿಯಲ್ಲಿ ಜೋಳ, ಸಜ್ಜೆ, ನವಣೆ, ತೊಗರಿ ಬೆಳೆದು, ಹೊಲದ ಅಂಚಿನ ಸೊಪ್ಪುಗಳನ್ನು ಉಳಿಸಿಕೊಂಡು, ತಮ್ಮದೇ ಬೀಜದ ಕಣಜ ಕಟ್ಟಿದವು. 2008ರಲ್ಲಿ ತಮ್ಮದೇ ಸಂಘಂ ರೇಡಿಯೋ ಶುರುಮಾಡಿದವು. ಸೊಸೈಟಿಯದು ಹೆರಿಗೆಯ ಕಾರ್ಯಕ್ರಮವಲ್ಲ. ಆದರೆ ಪಡಿತರದ ಅಕ್ಕಿಯೇ ತಟ್ಟೆ ತುಂಬಿದ ಸೀಮೆಯಲ್ಲಿ ಬಸುರಿಯ ರಕ್ತದ ಮಾತು ಹೊಲದಿಂದಲೇ ಶುರುವಾಗಬೇಕೆಂದು ಆ ಹೆಂಗಸರು ತೋರಿಸಿಕೊಟ್ಟರು. ತೆಲಂಗಾಣ ಸರ್ಕಾರದ ಕಡೆಯಿಂದ 2015ರಲ್ಲಿ ಆರೋಗ್ಯಲಕ್ಷ್ಮಿ ಬಂತು: ಅಂಗನವಾಡಿಯಲ್ಲಿ ದಿನಕ್ಕೊಂದು ಪೂರ್ಣ ಊಟ, ಮೊಟ್ಟೆ, 200 ಮಿ.ಲೀ. ಹಾಲು. 2022ರ ಡಿಸೆಂಬರಿನಲ್ಲಿ ರಕ್ತಹೀನತೆ ಹೆಚ್ಚಿರುವ ಒಂಬತ್ತು ಜಿಲ್ಲೆಗಳಿಗೆ ಪೋಷಣೆಯ ಕಿಟ್ ಕೊಟ್ಟರು. ತಾಂಡೂರಿರುವ ವಿಕಾರಾಬಾದ್ ಆ ಪಟ್ಟಿಯಲ್ಲಿತ್ತು, ಕಂಗ್ಟಿಯಿರುವ ಸಂಗಾರೆಡ್ಡಿ ಇರಲಿಲ್ಲ. ಕಬ್ಬಿಗೆ ಹೋದ ಬಸುರಿಗೆ ಅಂಗನವಾಡಿಯ ಊಟವೂ ದೂರವೇ.

ಬಾಣಂತಿಯ ದಿನಗಳು

ತಾಯಂದಿರ ಸಾವಿನಲ್ಲಿ ದೊಡ್ಡ ಪಾಲು ಹೆರಿಗೆಯ ನಂತರ ಆಗುತ್ತದೆ, ಆದರೆ ಯೋಜನೆಗಳ ಗಮನ ಹೆರಿಗೆಯ ದಿನಕ್ಕೇ ಮುಗಿದುಬಿಡುತ್ತದೆ. ನಮ್ಮ ಮನೆಗಳ ಕ್ರಮ ಇದಕ್ಕೆ ತದ್ವಿರುದ್ಧ. ಹೆರಿಗೆ ಒಂದು ದಿನದ್ದು, ಬಾಣಂತನ ತಿಂಗಳುಗಳದ್ದು. ಕಿವಿಗೆ ಬಟ್ಟೆ ಕಟ್ಟಿ, ಮೈಗೆ ಎಣ್ಣೆ ಹಚ್ಚಿ ಬಿಸಿನೀರು ಎರೆದು, ಹೊರಸಿನ ಕೆಳಗೆ ಕೆಂಡ ಇಟ್ಟು, ಕೊಬ್ಬರಿ, ಉತ್ತತ್ತಿ, ಅಂಟು ಹಾಕಿದ ಉಂಡಿ, ಸಬ್ಬಸಗಿ ಪಲ್ಯ ಕೊಟ್ಟು ನೋಡಿಕೊಳ್ಳುವ ಈ ಪದ್ಧತಿಯಲ್ಲಿ ಹೆಣ್ಣಿಗೆ ಸಿಗುವ ವಿಶ್ರಾಂತಿ ಅಪರೂಪದ್ದು. ಹೊಗೆ ತುಂಬಿದ ಕೋಣೆ, ನೀರು ಕುಡಿಯಲು ಬಿಡದ ಪಥ್ಯ, ಗಿಣ್ಣುಹಾಲು ಹಿಂಡಿ ಚೆಲ್ಲುವ ರೂಢಿ ಮಾತ್ರ ಹೋಗಬೇಕಾದವು. ಹೋಗುತ್ತಲೂ ಇವೆ.

ಮನಸ್ಸಿನ ಮಾತು ಬಂದಾಗ ಎಲ್ಲ ಧಾರೆಗಳೂ ತೊದಲುತ್ತವೆ. ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆರಿಗೆಯಾದ ಆರರಿಂದ ಎಂಟು ವಾರದಲ್ಲಿ ಶೇ. 23 ತಾಯಂದಿರಿಗೆ ಖಿನ್ನತೆ ಇತ್ತು. ಬಡತನ, ಗಂಡನ ಹಿಂಸೆ, ಗಂಡುಮಗು ಬಯಸಿದ ಮನೆಯಲ್ಲಿ ಹುಟ್ಟಿದ ಹೆಣ್ಣುಮಗು ಇದಕ್ಕೆ ಕಾರಣಗಳೆಂದು ಅವರು ತೋರಿಸಿದರು. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತಾಯಿ-ಮಗುವನ್ನು ಒಟ್ಟಿಗೆ ಇಟ್ಟು ಚಿಕಿತ್ಸೆ ಕೊಡುವ ವಿಭಾಗ ತೆರೆಯಿತು. ಕಂಗ್ಟಿಯ ಬಾಣಂತಿಗೆ ಅದು ಎಟುಕದ ದೂರ. ಮಗುವಿನ ತೂಕ ನೋಡಲು ಆಶಾ 42 ದಿನಗಳೊಳಗೆ ಹಲವು ಸಲ ಬರುತ್ತಾಳೆ. ಆ ಭೇಟಿಗಳಲ್ಲೇ ತಾಯಿಯನ್ನೂ ನಾಲ್ಕು ಮಾತು ಕೇಳಲು ಕಲಿಸಿದರೆ ಹೊಸ ಹುದ್ದೆ ಸೃಷ್ಟಿಸಬೇಕಿಲ್ಲ.

ತೀರ್ಮಾನವಾಗದೆ ಉಳಿದವು

ಮಿಡ್‌ವೈಫರಿಗೆ ಕಾನೂನಿನಲ್ಲಿ ಎಷ್ಟು ಜಾಗ? 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆ ಆ ಹೆಸರನ್ನು ತಲೆಬರಹದಲ್ಲೇ ಹೊತ್ತಿದೆ. ಆದರೆ ಹೆರಿಗೆ ಕೋಣೆಯಲ್ಲಿ ಕೊನೆಯ ಮಾತು ಯಾರದು, ಅನಾಹುತವಾದರೆ ಹೊಣೆ ಯಾರದು ಎಂಬುದು ಪ್ರತಿ ಆಸ್ಪತ್ರೆಯಲ್ಲೂ ವೈದ್ಯರ ಮನೋಭಾವದ ಮೇಲೆ ನಿಂತಿದೆ.

ಸಣ್ಣ ಕೇಂದ್ರವೋ ದೊಡ್ಡ ಆಸ್ಪತ್ರೆಯೋ ಎಂಬ ಜಗಳವೂ ಮುಗಿದಿಲ್ಲ. ತಿಂಗಳಿಗೆ ನಾಲ್ಕಾರು ಹೆರಿಗೆ ಆಗುವ ಆರೋಗ್ಯ ಕೇಂದ್ರದಲ್ಲಿ ನರ್ಸಿನ ಕೈಚಳಕ ಉಳಿಯುವುದಿಲ್ಲ, ಎಲ್ಲವನ್ನೂ ರಕ್ತನಿಧಿ ಇರುವ ಊರಿಗೆ ಒಯ್ಯಿರಿ ಎನ್ನುವವರ ಮಾತಿನಲ್ಲಿ ತೂಕವಿದೆ. ಹಾಗೆ ಒಯ್ದರೆ ತಾಂಡಾದ ಹೆಣ್ಣು ಗಾಡಿಯಲ್ಲೇ ಹೆರುತ್ತಾಳೆ, ಇಲ್ಲವೆ ನೂರಾರು ಜನರ ವಾರ್ಡಿನಲ್ಲಿ ಕಳೆದುಹೋಗುತ್ತಾಳೆ ಎನ್ನುವವರದೂ ಸುಳ್ಳಲ್ಲ. ದಿನ ತುಂಬುವ ಮೊದಲೇ ಬಂದು ಆಸ್ಪತ್ರೆಯ ಪಕ್ಕ ಉಳಿಯುವ ತಂಗುಮನೆ ನಡುದಾರಿ. ಮನೆಯಲ್ಲಿ ಇನ್ನೆರಡು ಮಕ್ಕಳು, ಎಮ್ಮೆ ಇರುವವಳು ಅಲ್ಲಿಗೆ ಬಂದು ಕೂರಬಲ್ಲಳೇ ಎಂಬುದನ್ನು ಅವಳನ್ನೇ ಕೇಳಬೇಕು.

ಸಿಸೇರಿಯನ್ ತಗ್ಗಿಸುವುದು ಹೇಗೆಂಬುದರಲ್ಲಿ ಆದೇಶ ಹೊರಡಿಸುವ ದಾರಿಯನ್ನು ನಾನು ನಂಬುವುದಿಲ್ಲ. ಗುರಿ ಮುಟ್ಟಲು ಬೇಕಾದವಳಿಗೂ ಆಪರೇಷನ್ ತಪ್ಪಿಸಿದರೆ ಮಗು ಉಸಿರು ಕಟ್ಟೀತು. ಹೆರಿಗೆಗಳನ್ನು ಹತ್ತು ಬಗೆಯಾಗಿ ವಿಂಗಡಿಸುವ ರಾಬ್ಸನ್ ಪದ್ಧತಿಯಿಂದ ಪ್ರತಿ ಆಸ್ಪತ್ರೆಯೂ ತನ್ನ ಲೆಕ್ಕ ನೋಡಿಕೊಳ್ಳಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಖಾಸಗಿ ಆಸ್ಪತ್ರೆಗಳು ಆ ಲೆಕ್ಕವನ್ನು ಊರಿಗೆ ತೋರಿಸಬೇಕೆ, ತೋರಿಸಿದರೆ ಮನೆಯವರ ಆಯ್ಕೆ ಬದಲಾದೀತೆ?

ಕೊನೆಯದಾಗಿ ಗಡಿಯ ಲೆಕ್ಕ. ಮರಣ ಪ್ರಮಾಣ ರಾಜ್ಯಮಟ್ಟದ ಮಾದರಿ ಸಮೀಕ್ಷೆಯಿಂದ ಬರುತ್ತದೆ, ಮಂಡಲಕ್ಕೆ ಇಳಿಯುವುದಿಲ್ಲ. ವರ್ಷಕ್ಕೆ ಸಾವಿರ ಹೆರಿಗೆ ಆಗುವ ಪ್ರದೇಶದಲ್ಲಿ 43ರ ದರದಂತೆ ಎರಡು ವರ್ಷಕ್ಕೂ ಒಂದು ಸಾವು ಬರಲಿಕ್ಕಿಲ್ಲ. ಅಂಥ ಕಡೆ ಸರಾಸರಿಯಿಂದ ಏನೂ ತಿಳಿಯದು. ಆದ ಒಂದು ಸಾವನ್ನು, ತಪ್ಪಿದ ಹತ್ತು ಸಾವುಗಳನ್ನು ಕೂತು ಕೂಲಂಕಷವಾಗಿ ನೋಡಬೇಕು. ಕಂಗ್ಟಿಯಲ್ಲಿ ಹೆಸರು ಬರೆಸಿ, ಔರಾದಿನ ತವರಿನಲ್ಲಿ ನೋವು ಬಂದು, ಬೀದರಿನಲ್ಲಿ ಹೆತ್ತು, ಹೈದರಾಬಾದಿನಲ್ಲಿ ತೀರಿಕೊಂಡವಳ ಕಡತ ಯಾವ ಜಿಲ್ಲೆಯ ಮೇಜಿನ ಮೇಲೆ ತೆರೆಯುತ್ತದೆ? ಸಂಗಾರೆಡ್ಡಿ, ಬೀದರ್, ನಾಂದೇಡದ ಆರೋಗ್ಯಾಧಿಕಾರಿಗಳು ಒಟ್ಟಿಗೆ ಕೂತು ಅದನ್ನು ಓದುವ ಕ್ರಮ ಬೇಕು, ಎರಡು ಭಾಷೆಯ ತಾಯಿ ಕಾರ್ಡು ಬೇಕು, ತವರಿನಲ್ಲಿ ಹೆತ್ತರೂ ಗಂಡನ ಮನೆಯ ರಾಜ್ಯದ ಕಂತು ನಿಲ್ಲಬಾರದು. ಈ ಮೂರಕ್ಕೂ ಹೊಸ ಆಸ್ಪತ್ರೆ ಕಟ್ಟಬೇಕಿಲ್ಲ. ಮೂರು ರಾಜ್ಯಗಳಲ್ಲಿ ಮೊದಲ ಪತ್ರ ಬರೆಯುವವರು ಯಾರು ಎಂಬುದಷ್ಟೇ ಗೊತ್ತಾಗಬೇಕಿದೆ.